ಎರಡು ಬೆರಳಷ್ಟು ಕಡಿಮೆ

ಆ ಬುಧವಾರ ಬೆಳಿಗ್ಗೆ ನನ್ನ ಕೈಗೆ ಬಂದ ಕಾರ್ಡಿನಲ್ಲಿ ಹೆಚ್ಚೇನೂ ಇರಲಿಲ್ಲ. ಒಂದು ಹೆಸರು, ವಯಸ್ಸು, ಬಾಲದ ಮೂಳೆಯಲ್ಲಿ ಐದು ತಿಂಗಳಿಂದ ನೋವು. ಹೆಸರನ್ನು ಎರಡು ಸಲ ಓದಿದೆ. ಇಪ್ಪತ್ತು ವರ್ಷಗಳಿಂದ ಆ ಹೆಸರನ್ನು ನಾನು ಬಾಯಲ್ಲಿ ಹೇಳಿರಲಿಲ್ಲ. ಮರೆತೂ ಇರಲಿಲ್ಲ.

ನಮ್ಮ ವರ್ಕ್‌ಶಾಪ್ ಇದ್ದದ್ದು ಇಂಗ್ಲಿಷರ ದೇಶದಲ್ಲಿ, ಎಜ್‌ಬಾಸ್ಟನ್ ಕಡೆಯ ಒಂದು ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕಟ್ಟಡದ ಪಕ್ಕಕ್ಕೆ. ದಿನವಿಡೀ ವೀಲ್‌ಚೇರಿನಲ್ಲಿರುವವರಿಗೆ, ಕೂತರೆ ನೋವಾಗುವವರಿಗೆ ಅವರವರ ಮೈಗೆ ಹೊಂದುವ ಕುಶನ್ ಮಾಡಿಕೊಡುವುದು ಕೆಲಸ. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿ ದಾವಣಗೆರೆಯಲ್ಲಿ ಬಸ್ಸಿನ ಸೀಟು ಹೊಲಿಯುತ್ತಿದ್ದವನು. ಫೋಮು, ಚಾಕು, ಸೂಜಿ ಬಿಟ್ಟರೆ ಬೇರೆ ವಿದ್ಯೆ ಇಲ್ಲ.

ಈ ದೇಶಕ್ಕೆ ಬಂದ ಮೇಲೆ, ಆಸ್ಪತ್ರೆಗೆ ಸೇರುವ ಮುಂಚೆ, ಇದೇ ಊರಿನ ಇನ್ನೊಂದು ತುದಿಯಲ್ಲಿ, ಬಸ್ ಸೀಟು ತಯಾರಿಸುವ ಕಾರ್ಖಾನೆಯಲ್ಲಿದ್ದೆ. ಕಾರ್ಡಿನ ಆ ಹೆಸರಿನವನು ಅಲ್ಲಿ ಕ್ವಾಲಿಟಿ ಎಂಜಿನಿಯರ್, ಬೆಂಗಳೂರಿನಿಂದ ಬಂದವನು. ಎದುರಿಗೆ ‘ಸಾರ್’ ಅನ್ನುತ್ತಿದ್ದೆ. ಮನಸ್ಸಿನಲ್ಲಿ ಮರ್ಯಾದೆ ಕೊಟ್ಟಿರಲಿಲ್ಲ, ಇಲ್ಲೂ ಕೊಡುವ ನಾಟಕ ಮಾಡುವುದಿಲ್ಲ. ಒಮ್ಮೆ ಡ್ರೈವರ್ ಸೀಟುಗಳ ಒಂದು ಲಾಟ್ ಹೊಲಿಗೆ ಬಿಟ್ಟು ವಾಪಸ್ ಬಂತು. ಹೊಲಿದವನು ನಾನು, ನಿಜ. ಆದರೆ ದಾರ ಬದಲಾಗಿತ್ತು. ಈ ದಾರ ನಿಲ್ಲುವುದಿಲ್ಲ ಎಂದು ಎರಡು ಸಲ ಹೇಳಿದ್ದೆ. ಆ ದಾರಕ್ಕೆ ಒಪ್ಪಿಗೆಯ ಸಹಿ ಹಾಕಿದ್ದವನು ಅವನೇ. ವಿಚಾರಣೆಗೆ ಕರೆದರು. ಆಗ ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಇವನ ಭಾಷೆ ಬಲ್ಲವರು ಯಾರಿದ್ದಾರೆ ಎಂದು ಹುಡುಕಿ, ಅವನನ್ನೇ ಕರೆಸಿ ನನ್ನ ಪಕ್ಕ ದುಭಾಷಿಯಾಗಿ ಕೂರಿಸಿದರು. ನಾನು ದಾರದ ವಿಷಯವನ್ನೆಲ್ಲ ಹತ್ತು ನಿಮಿಷ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಅವನು ತಲೆಯಾಡಿಸುತ್ತ ಕೇಳಿದ. ಆಮೇಲೆ ಸಾಹೇಬರ ಕಡೆ ತಿರುಗಿ ಒಂದೇ ಮಾತು ಹೇಳಿದ: “ಹೀ ಈಸ್ ವೆರಿ ಸಾರಿ.”

ಅಷ್ಟು ಇಂಗ್ಲಿಷ್ ನನಗೆ ಅರ್ಥವಾಗುತ್ತಿತ್ತು. ನಾನು ಸಾರಿ ಅಂದಿರಲೇ ಇಲ್ಲ. ಆ ವಾರವೇ ಕೆಲಸ ಹೋಯಿತು.

ಅದೇ ಮನುಷ್ಯ ಬುಧವಾರ ಹತ್ತೂವರೆಗೆ ಫಿಸಿಯೋ ಮೇಡಂ ಹಿಂದೆ ನಡೆದುಕೊಂಡು ನಮ್ಮ ವರ್ಕ್‌ಶಾಪಿಗೆ ಬಂದ. ಒಂದು ಕೈ ಸೊಂಟದ ಮೇಲೆ. ಇನ್ನೊಂದು ಕೈಯಲ್ಲಿ ಅಂಗಡಿಯಿಂದ ತಂದ, ಟೈರಿನ ಹಾಗೆ ದುಂಡಗಿನ ಕುಶನ್. ನನ್ನ ತಲೆ ಬೋಳಾಗಿತ್ತು, ಗಡ್ಡ ಬೆಳ್ಳಗಾಗಿತ್ತು. ಅವನಿಗೆ ಗುರುತು ಸಿಗಲಿಲ್ಲ.

ಫಿಸಿಯೋ ಮೇಡಂ ಕಲಬುರಗಿಯವರು. ಮನೆಯಲ್ಲಿ ದಖ್ಖನಿ, ನನ್ನ ಹತ್ತಿರ ಕನ್ನಡ. ನನ್ನನ್ನು ಚಾಚಾ ಎನ್ನುತ್ತಿದ್ದರು. “ಚಾಚಾ, ನೋಡ್ರಿ, ನಿಮ್ಮ ಕಡೆಯವರನ್ನೇ ಕರ್ಕೊಂಡು ಬಂದೀನಿ.”

“ಓ, ಕನ್ನಡದವರಾ?” ಅವನ ಮುಖ ಅರಳಿತು. “ನಂ ಪುಣ್ಯ ಯಜಮಾನ್ರೇ. ಈ ಜಾಗದ ನೋವನ್ನ ಇಂಗ್ಲಿಷಲ್ಲಿ ಹೇಳಿ ಹೇಳಿ ನಾಚಿಕೆಯಾಗೋಗಿದೆ. ಸಾಕ್ಸ್ ಹಾಕ್ಕೊಂಡು ಮೆಟ್ಟಿಲಲ್ಲಿ ಜಾರಿದೆ ಅಷ್ಟೆ. ಕೂತ್ರೆ ಕೆಂಡ, ಎದ್ದೇಳೋವಾಗ ಕತ್ತಿ.”

“ಕೂತ್ಕೊಳ್ಳಿ ಸಾರ್,” ಎಂದೆ.

ಮೇಡಂ ಪ್ಲಾಸ್ಟಿಕ್ ಬೆನ್ನುಮೂಳೆಯ ಮಾದರಿ ತೆಗೆದು ಅವನಿಗೆ ವಿವರಿಸಿದರು. ಬೆನ್ನುಮೂಳೆಯ ಕಟ್ಟಕಡೆಗೆ ಮೂರೋ ನಾಲ್ಕೋ ಚಿಕ್ಕ ಮೂಳೆಗಳು ಕೂಡಿ ಬಾಲದ ಹಾಗೆ ಮುಂದಕ್ಕೆ ಬಾಗಿರುತ್ತವೆ. ನೆಟ್ಟಗೆ ಕೂತರೆ ಮೈಭಾರ ಪಿರ್ರೆಯೊಳಗಿನ ಎರಡು ದೊಡ್ಡ ಕೂರುವ ಮೂಳೆಗಳ ಮೇಲೆ ಬೀಳುತ್ತದೆ. ಸೋಫಾದಲ್ಲಿ ಹಿಂದಕ್ಕೆ ಒರಗಿ ಜಾರಿದರೆ ಭಾರವೆಲ್ಲ ಬಾಲದ ತುದಿಗೆ. ಅಲ್ಲಿ ಏಟು ಬಿದ್ದು ಕೀಲು ಕೆರಳಿದ್ದರೆ, ದಿನಾ ಕೂತು ಕೂತು ಅದನ್ನು ವಾಸಿಯಾಗಲು ಬಿಡುವುದಿಲ್ಲ ನಾವು.

“ಮತ್ತೆ ಈ ರಿಂಗು?” ಎಂದು ಅವನು ದುಂಡನೆಯ ಕುಶನ್ ಎತ್ತಿದ.

“ಅದು ಎಲ್ಲರೂ ಮಾಡೋ ತಪ್ಪು. ನೋಡ್ರಿ, ತೂತಿನ ಸುತ್ತ ಅಂಚು ಐತಲ್ಲ, ನಿಮ್ಮ ಬಾಲ ಹೋಗಿ ಆ ಅಂಚಿನ ಮ್ಯಾಲೇ ಕೂರ್ತದ. ನಿಮಗೆ ಬೇಕಾಗಿರೋದು ಹಿಂದಗಡೆ ಪೂರ್ತಿ ತೆರೆದಿರೋದು. ಚಾಚಾ ಮಾಡಿಕೊಡ್ತಾರ. ಕುಶನ್ ಸರಿಯಾಗಿ ಕೂತ್ರ, ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ರ, ಮಲಬದ್ಧತೆ ಆಗದಂಗ ನೋಡ್ಕೊಂಡ್ರ, ಬಹಳ ಮಂದಿಗೆ ಇಷ್ಟರಾಗೇ ಕಡಿಮೆ ಆಗ್ತದ.”

ಅಳತೆ ತೆಗೆಯುವ ಕ್ರಮ ಹೀಗೆ. ಗಟ್ಟಿ ಬೆಂಚಿನ ಮೇಲೆ ಅಲೆಅಲೆಯಾದ ರಟ್ಟಿನ ಹಾಳೆ ಹಾಕಿ ಅವನನ್ನು ಕೂರಿಸಿದೆ. ಎದ್ದಾಗ ರಟ್ಟಿನಲ್ಲಿ ಎರಡು ತಗ್ಗು ಬಿದ್ದಿದ್ದವು, ಅವು ಕೂರುವ ಮೂಳೆಗಳ ಗುರುತು. ಎರಡನ್ನೂ ಸೇರಿಸಿ ಚಾಕ್‌ನಲ್ಲಿ ಗೆರೆ ಎಳೆದೆ. ಮೇಡಂ ಅವನ ಬಾಲದ ಮೂಳೆಯ ತುದಿಯನ್ನು ಬೆರಳಿನಲ್ಲಿ ಮುಟ್ಟಿ, ಗೆರೆಯಿಂದ ಅದೆಷ್ಟು ಹಿಂದಿದೆ ಎಂದು ಅಳೆದರು. ಕುಶನ್ನಿನ ಹಿಂಭಾಗದಲ್ಲಿ ಕುದುರೆಲಾಳದ ಆಕಾರಕ್ಕೆ ಕತ್ತರಿಸಿ ತೆಗೆಯಬೇಕು. ಆ ತೆರವು ಮೂಳೆಯ ತುದಿಗಿಂತ ಎರಡು ಬೆರಳು ಮುಂದಕ್ಕೇ ಶುರುವಾಗಬೇಕು. ಇಲ್ಲದಿದ್ದರೆ ತುದಿ ಹೋಗಿ ಅಂಚಿಗೆ ಬಡಿಯುತ್ತದೆ. ಕೆಳಗೆ ಗಟ್ಟಿ ಫೋಮು, ಮೇಲೆ ಮೆತ್ತನೆಯದು, ಹಿಂದೆ ಎತ್ತರ, ಮುಂದೆ ತಗ್ಗು. ಆಗ ಸೊಂಟ ತಾನೇ ಮುಂದಕ್ಕೆ ಬಾಗುತ್ತದೆ.

ಮೇಡಂ ಅಳತೆ ಹೇಳಿದರು, ನಾನು ಕಾರ್ಡಿನಲ್ಲಿ ಸರಿಯಾಗಿಯೇ ಬರೆದೆ. ಶುಕ್ರವಾರ ಫೋಮಿನ ಮೇಲೆ ಗುರುತು ಹಾಕುವಾಗ, ಪೆನ್ನನ್ನು ಒಂದು ಕ್ಷಣ ತಡೆದೆ. ಆಮೇಲೆ ಎರಡು ಬೆರಳಷ್ಟು ಹಿಂದಕ್ಕೆ ಗೆರೆ ಎಳೆದು ಕತ್ತರಿಸಿದೆ. ತೆರವು ಅವನ ಮೂಳೆಯ ತುದಿ ಬರುವ ಜಾಗಕ್ಕೆ ಸರಿಯಾಗಿ ನಿಂತಿತು. ನೋಡುವವರಿಗೆ ಏನೂ ತಿಳಿಯದು. ಟೇಪು ಹಿಡಿದವರಿಗೆ ಮಾತ್ರ ತಿಳಿದೀತು, ಟೇಪು ಹಿಡಿಯುತ್ತಿದ್ದವನು ನಾನೇ.

ಕೈ ಜಾರಲಿಲ್ಲ, ಕಣ್ಣು ಮಂಜಾಗಿರಲಿಲ್ಲ. ಚಾಕು ಇಳಿಯುವಾಗ ನನಗೆ ಖುಷಿಯಾಯಿತು. ಅದನ್ನು ಮುಚ್ಚಿಟ್ಟರೆ ಇದನ್ನೆಲ್ಲ ಬರೆಯುವುದೇ ವ್ಯರ್ಥ.

ಸಾಮಾನ್ಯವಾಗಿ ಒಂದೇ ಅಳತೆಗೆ ಎರಡು ಕುಶನ್ ಮಾಡುತ್ತೇವೆ, ಮನೆಗೊಂದು, ಕಾರಿಗೊಂದು. ನಮ್ಮಲ್ಲಿ ಎರಡು ನಿಯಮ. ಮಾಡಿದವನು ಕೊಡುವ ಮೊದಲು ತಾನೇ ಕೂತು ನೋಡಬೇಕು. ರೋಗಿಯನ್ನು ಇಪ್ಪತ್ತು ನಿಮಿಷ ಕೂರಿಸಿ, ಹಿಂದಿನಿಂದ ತೆರವಿನೊಳಗೆ ಅಂಗೈ ತೂರಿಸಿ, ಬಾಲದ ಮೂಳೆ ಎಲ್ಲೂ ತಾಗುತ್ತಿಲ್ಲ ಎಂದು ನೋಡಿ ಸಹಿ ಹಾಕಬೇಕು. ನಾನು ಕೂರಲಿಲ್ಲ. ಕುಶನ್ ಒಯ್ಯಲು ಅವನು ಬಂದ ದಿನ ಮೇಡಂಗೆ ವಾರ್ಡಿನಿಂದ ಕರೆ ಬಂತು. “ಚಾಚಾ, ನೀವೇ ನೋಡಿಬಿಡ್ರಿ,” ಎಂದು ಹೋದರು. ಅವನನ್ನು ಐದು ನಿಮಿಷ ಕೂರಿಸಿ, ಕೈ ತೂರಿಸದೆ ಸಹಿ ಹಾಕಿದೆ.

“ಹೇಗಿದೆ ಸಾರ್?”

“ಪರ್ವಾಗಿಲ್ಲ ಯಜಮಾನ್ರೇ... ಅಭ್ಯಾಸ ಆಗ್ಬೇಕೇನೋ.”

“ಆಗುತ್ತೆ. ಬಿಡದೆ ಕೂತ್ಕೊಳ್ಳಿ.”

ಒಂದನ್ನು ತೆಗೆದುಕೊಂಡು ಹೋದ. ಕಾರು ಓಡಿಸುವುದನ್ನು ನೋವಿಗಾಗಿ ಬಿಟ್ಟಿದ್ದನಂತೆ, ಹಾಗಾಗಿ ಎರಡನೆಯದು ನನ್ನ ಶೆಲ್ಫಿನಲ್ಲೇ ಉಳಿಯಿತು.

ನಾಲ್ಕು ವಾರಕ್ಕೆ ಮೇಡಂ ಹತ್ತಿರ ತೋರಿಸಲು ಬಂದ. ನೋವು ಹೆಚ್ಚಾಗಿತ್ತು. ನಾನು ಬೇಕಂತಲೇ ಕಾರಿಡಾರಿನಲ್ಲಿ ಟ್ರಾಲಿ ತಳ್ಳಿಕೊಂಡು ಹೋಗಿ ನೋಡಿದೆ. ಕುರ್ಚಿಯ ಎರಡೂ ತೋಳು ಹಿಡಿದು, ತುಟಿ ಕಚ್ಚಿ, ಒಂದು ಪಕ್ಕಕ್ಕೆ ವಾಲಿ ಏಳುತ್ತಿದ್ದ. ಆ ದಿನ ಬಸ್ಸಿನಲ್ಲಿ ಮನೆಗೆ ಹೋಗುವಾಗ ನಾನು ಮೇಲಿನ ಡೆಕ್ಕಿನಲ್ಲಿ ಮುಂದಿನ ಸೀಟು ಹಿಡಿದು ಆರಾಮವಾಗಿ ಕೂತೆ. “ಏನ್ರೀ, ಇವತ್ತು ಮುಖ ಅರಳಿದೆ,” ಎಂದಳು ಹೆಂಡತಿ. ಏನಿಲ್ಲ ಎಂದೆ.

ಎಂಟು ವಾರಕ್ಕೆ ನಿಂತು ಒಂದು, ಕೂತು ಒಂದು ಎಕ್ಸ್‌ರೇ ತೆಗೆಸಿದರು. ಕೂತಾಗ ಮೂಳೆ ಇರಬೇಕಾದ್ದಕ್ಕಿಂತ ಹೆಚ್ಚು ಬಾಗುತ್ತಿತ್ತು. ಕೀಲಿನ ಹತ್ತಿರ ಇಂಜೆಕ್ಷನ್ ಕೊಟ್ಟರು. ಹತ್ತು ದಿನ ಹಾಯೆನಿಸಿತಂತೆ, ಮತ್ತೆ ಮೊದಲಿನ ಹಾಗೆ. ಮೊದಲಿನ ಹಾಗೆ ಯಾಕಾಯಿತೆಂದು ಆ ಆಸ್ಪತ್ರೆಯಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೆ. ವಾಸಿಯಾಗುತ್ತಿದ್ದ ಕೀಲಿಗೆ ದಿನಕ್ಕೆಂಟು ತಾಸು ನನ್ನ ಫೋಮಿನ ಅಂಚು ಗುದ್ದುತ್ತಿತ್ತು.

ಹದಿನೈದನೆಯ ವಾರ ಮೇಡಂ ಟೀ ಕುಡಿಯಲು ನಮ್ಮಲ್ಲಿಗೆ ಬಂದರು. ಮುಖ ಸಪ್ಪಗಿತ್ತು.

“ಆ ನಿಮ್ಮ ಕನ್ನಡದವರ ಕೇಸು ಸರ್ಜನ್ನಿಗೆ ಹೋಗ್ಲಿಕ್ಕತ್ತದ ಚಾಚಾ. ಬಾಲದ ಮೂಳೆ ತೆಗೀಬೇಕು ಅಂತ ಯೋಚನೆ.”

“ತೆಗೆದ್ರೆ ಸರಿಯಾಗುತ್ತಲ್ಲ ಮೇಡಂ?”

“ಕೆಲವರಿಗೆ ಆಗ್ತದ. ಆದ್ರ ಗಾಯ ಎಲ್ಲಿರ್ತದ ಯೋಚನೆ ಮಾಡ್ರಿ. ಮಲದ್ವಾರದ ಪಕ್ಕದಾಗ. ಕೀವಾಗೋ ಭಯ, ತಿಂಗಳುಗಟ್ಟಲೆ ಒಣಗಲ್ಲ. ಅಷ್ಟಾದ್ರೂ ನೋವು ಹೋಗದೆ ಇರಬಹುದು. ತೆಗೆದ ಮೂಳೆ ವಾಪಸ್ ಇಡಕಾಗಲ್ಲ. ಬೇರೆ ಎಲ್ಲಾ ಮಾಡಿ ಆದ ಮ್ಯಾಲೆ ಮಾಡೋ ಕೆಲಸ ಅದು.” ಕಪ್ಪು ಕೆಳಗಿಟ್ಟರು. “ನಾವು ಎಲ್ಲಾ ಮಾಡೀವಲ್ಲ. ಕುಶನ್ ಬಗ್ಗೆ ಮೂರು ಸಲ ಕೇಳೀನಿ. ಪ್ರತಿ ಸಲ ಬಹಳ ಚಲೋ ಐತಿ ಅಂತಾನೇ ಹೇಳ್ಯಾರ. ಅದಕ್ಕ ಕಾಗದದಾಗ ಬರೆದೆ, ಸರಿಯಾದ ಕುಶನ್, ಉಪಯೋಗ ಇಲ್ಲ ಅಂತ.”

ಅವನು ಚಲೋ ಅಂದದ್ದು ಯಾಕೆಂದು ತಿಳಿಯಲಿಲ್ಲ. ನನ್ನ ಲೆಕ್ಕದಲ್ಲಿ ಅವನು ಮೊದಲ ವಾರವೇ ಕುಶನ್ ವಾಪಸ್ ಎಸೆಯಬೇಕಿತ್ತು. ಬೈಯಬೇಕಿತ್ತು. ಬೈದರೆ ಇನ್ನೊಂದು ಹತ್ತು ದಿನ ಸತಾಯಿಸಿ, ಸರಿಮಾಡಿಕೊಟ್ಟು ಕೈತೊಳೆದುಕೊಳ್ಳುವ ಎಣಿಕೆ ನನ್ನದು.

ಎರಡು ದಿನ ಬಿಟ್ಟು ಅವನೇ ಬಂದ. ಕೈಯಲ್ಲಿ ಒಂದು ಡಬ್ಬಿ.

“ನಮ್ಮನೇವ್ರು ಕೋಡುಬಳೆ ಮಾಡಿದ್ರು ಯಜಮಾನ್ರೇ. ಸರ್ಜನ್ ಹತ್ರ ಹೋಗ್ತಿದೀನಿ ಮುಂದಿನ ವಾರ. ಹೋಗೋ ಮುಂಚೆ ನಿಮ್ಮನ್ನ ಮಾತಾಡಿಸೋಣ ಅಂತ.”

“ಕುಶನ್ ಹೇಗಿದೆ ಸಾರ್?”

ಅವನು ಆಚೀಚೆ ನೋಡಿ ದನಿ ತಗ್ಗಿಸಿದ. “ನಿಜ ಹೇಳ್ಲಾ? ತಪ್ಪು ತಿಳ್ಕೋಬೇಡಿ. ಅದ್ರ ಮೇಲೆ ಕೂತ್ರೆ ಪ್ರಾಣ ಹೋಗುತ್ತೆ.”

“ಮತ್ತೆ ಮೇಡಂ ಹತ್ರ ಚೆನ್ನಾಗಿದೆ ಅಂದ್ರಂತೆ?”

“ಮತ್ತಿನ್ನೇನ್ ಅನ್ನೋದು? ಚೆನ್ನಾಗಿಲ್ಲ ಅಂದ್ರೆ ಯಾರು ಮಾಡಿದ್ದು ಅಂತ ಫಾರ್ಮ್ ತೆಗೀತಾರೆ. ನನಗೆ ಇವ್ರ ಪದ್ಧತಿ ಗೊತ್ತಿಲ್ವಾ? ನೀವು ವಯಸ್ಸಾದವರು, ನಮ್ಮವರು. ನನ್ನಿಂದ ನಿಮ್ಗೆ ತೊಂದ್ರೆ ಆಗೋದು ಬೇಡ. ನೀವು ಅಷ್ಟು ಕಷ್ಟಪಟ್ಟು ಮಾಡಿಕೊಟ್ಟಿದೀರ, ಬಿಡದೆ ಕೂತ್ಕೊಳ್ಳಿ ಅಂದಿದೀರ. ಕೂತ್ಕೋತಿದೀನಿ.”

ಅವನು ಹೋದ ಮೇಲೆ ಡಬ್ಬಿಯನ್ನು ತೆಗೆಯಲಿಲ್ಲ. ಸಿಟ್ಟು ಬಂತು. ನನ್ನ ಹತ್ತು ನಿಮಿಷದ ಮಾತು ನುಂಗಿದವನು, ನನ್ನ ಕೆಲಸ ತೆಗೆಸಿದವನು, ಇವತ್ತು ನನ್ನ ಕೆಲಸ ಉಳಿಸಲು ತನ್ನ ಮೂಳೆ ಕೊಡಲು ಹೊರಟಿದ್ದಾನೆ. ಅವನು ಕೆಟ್ಟವನಾಗಿಯೇ ಇರಬಾರದೇ ಎನಿಸಿತು. ಅಷ್ಟನ್ನೂ ಅವನು ನನಗೆ ಬಿಟ್ಟುಕೊಡಲಿಲ್ಲ.

ಶೆಲ್ಫಿನಲ್ಲಿದ್ದ ಎರಡನೆಯ ಕುಶನ್ ಕೆಳಗಿಳಿಸಿ, ಗಟ್ಟಿ ಕುರ್ಚಿಯ ಮೇಲೆ ಹಾಕಿ ಕೂತೆ. ಎತ್ತರದಲ್ಲಿ, ಮೈಕಟ್ಟಿನಲ್ಲಿ ನಾವಿಬ್ಬರೂ ಹೆಚ್ಚುಕಡಿಮೆ ಒಂದೇ. ಗಡಿಯಾರ ನೋಡಿದೆ. ಐದು ನಿಮಿಷಕ್ಕೆ ಒತ್ತಿದ ಹಾಗಾಯಿತು. ಹತ್ತಕ್ಕೆ ಪಕ್ಕಕ್ಕೆ ವಾಲಿದೆ. ಹದಿನೈದಕ್ಕೆ ಮೂಳೆಯ ತುದಿಯಿಂದ ನೆತ್ತಿಯವರೆಗೆ ಒಂದು ಎಳೆ ಎಳೆದ ಹಾಗೆ. ನನ್ನ ಮೂಳೆಗೆ ಪೆಟ್ಟು ಬಿದ್ದಿರಲಿಲ್ಲ, ಆದರೂ ಇಪ್ಪತ್ತು ನಿಮಿಷ ಮುಟ್ಟಲು ಆಗಲಿಲ್ಲ. ಏಳುವಾಗ ಎರಡೂ ಕೈ ಕುರ್ಚಿಯ ತೋಳಿಗೆ ಹೋದವು.

ಗುಟ್ಟಾಗಿ ಹೊಸದು ಕತ್ತರಿಸಿ, ಹಳೆಯದು ಸವೆದಿದೆ ಎಂದು ಹೇಳಿ ಬದಲಾಯಿಸಿಬಿಡಬಹುದಿತ್ತು. ಫೋಮಿನ ಮೇಲೆ ಗುರುತು ಕೂಡ ಹಾಕಿದೆ. ಆದರೆ ಕಾಗದ ಆಗಲೇ ಸರ್ಜನ್ನಿನ ಮೇಜಿಗೆ ಹೋಗಿತ್ತು. ಸರಿಯಾದ ಕುಶನ್ನಿನಿಂದ ಉಪಯೋಗವಿಲ್ಲ ಎಂದು ಅದರಲ್ಲಿ ಬರೆದಿತ್ತು. ಆ ಸುಳ್ಳನ್ನು ಫೋಮಿನಿಂದ ತಿದ್ದಲು ಬರುವುದಿಲ್ಲ. ಬಾಯಿಬಿಟ್ಟೇ ಹೇಳಬೇಕು.

ಕುಶನ್ ಕಂಕುಳಲ್ಲಿಟ್ಟುಕೊಂಡು ಮೇಡಂ ರೂಮಿಗೆ ಹೋಗಿ ಹೇಳಿದೆ. ದಾರದಿಂದ ಶುರುಮಾಡಿದೆ.

“ದಾರದ ಕತಿ ಆಮೇಲೆ,” ಎಂದರು. “ಟೇಪು ಕೊಡ್ರಿ.” ತಾವೇ ಅಳೆದರು. ಇನ್ನೊಮ್ಮೆ ಅಳೆದರು.

“ನಿಮ್ಮ ಸಹಿ ನೋಡಿ ಅದರ ಕೆಳಗ ನನ್ನ ಸಹಿ ಹಾಕೀನಿ ಚಾಚಾ,” ಎಂದರು ಕೊನೆಗೆ. “ಟೇಪು ಹಿಡೀಲಿಲ್ಲ. ಚಾಚಾ ನೋಡ್ಯಾರಲ್ಲ ಅಂತ.”

ಅಲ್ಲಿಂದಲೇ ಸರ್ಜನ್ನಿನ ಕಚೇರಿಗೆ ಫೋನ್ ಮಾಡಿ ಕಾಗದ ವಾಪಸ್ ತರಿಸಿದರು. ಅವನನ್ನು ಮಾರನೆಯ ದಿನವೇ ಕರೆಸಿದರು. ನಾನೇ ಹೇಳಬೇಕು ಎಂದು ಮೇಡಂ ನನ್ನನ್ನು ಎದುರಿಗೆ ಕೂರಿಸಿದರು.

ಎಲ್ಲ ಹೇಳಿದೆ. ಕಾರ್ಖಾನೆ, ದಾರ, ವಿಚಾರಣೆ, ಅವನು ಆಡಿದ ಒಂದು ಮಾತು, ನಾನು ಎಳೆದ ಗೆರೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದ.

“ಯಾವ ದಾರ?” ಎಂದ.

ಮತ್ತೆ ಹೇಳಿದೆ.

“ಆ ಫ್ಯಾಕ್ಟರೀಲಿ ಇದ್ದೆ, ನಿಜ. ಆದ್ರೆ ನೀವು... ಹಾಗೆ ಎಷ್ಟೋ ಮೀಟಿಂಗಿಗೆ ಕರೀತಿದ್ರು ನನ್ನ. ತಮಿಳ್ನೋರಿಗೂ ಕರೀತಿದ್ರು. ನನಗೆ ನೆನಪೇ ಇಲ್ಲ ಕಣ್ರೀ.” ಆಮೇಲೆ ಅವನ ಮುಖ ಕೆಂಪಾಯಿತು. “ನಾಲ್ಕು ತಿಂಗಳು! ನಾಲ್ಕು ತಿಂಗಳು ನರಕ ತೋರಿಸಿದ್ರಲ್ರೀ ನನಗೆ. ಕೋಡುಬಳೆ ತಂದುಕೊಟ್ಟೆ ನಿಮ್ಗೆ! ಬಿಡಲ್ಲ. ಕಂಪ್ಲೇಂಟ್ ಬರ್ದೇ ಬರೀತೀನಿ.”

“ಬರೀರಿ ಸಾರ್,” ಎಂದೆ. “ತಪ್ಪಾಯಿತು.”

ನೆನಪಿಲ್ಲ ಎಂದದ್ದು ಕೆಲಸ ಕಳೆದುಕೊಂಡದ್ದಕ್ಕಿಂತ ಹೆಚ್ಚು ನೋವು ಕೊಟ್ಟಿತು. ಇಪ್ಪತ್ತು ವರ್ಷ ನಾನು ಕಾಪಾಡಿಕೊಂಡು ಬಂದ ಬೆಂಕಿ ಅವನ ಕಡೆ ಒಂದು ದಿನವೂ ಹೊತ್ತಿರಲಿಲ್ಲ.

ಹೊಸ ಅಳತೆ ಮೇಡಂ ತೆಗೆದರು. ಆ ದಿನದ ಪಾಳಿಯಲ್ಲಿ ಬೇರೆ ಕೆಲಸಗಾರರಿರಲಿಲ್ಲ, ಇದ್ದೊಬ್ಬನು ಜ್ವರದಲ್ಲಿ ಮಲಗಿದ್ದ. ಕತ್ತರಿಸುವುದು ನಾನೇ ಆಗಬೇಕಾಯಿತು. ಅವನು ಒಪ್ಪಿದ. “ಮಾಡ್ಲಿ. ಆದ್ರೆ ನಾನು ನಿಂತು ನೋಡ್ತೀನಿ,” ಎಂದ. ಒಂದು ಪಕ್ಕ ಮೇಡಂ, ಒಂದು ಪಕ್ಕ ಅವನು. ಗೆರೆ ಎಳೆದಾಗ ಮೇಡಂ ಟೇಪು ಇಟ್ಟರು. ಕತ್ತರಿಸಿದ ಮೇಲೆ ಮತ್ತೆ ಇಟ್ಟರು. ನಾನು ಕೂತೆ, ಪೂರ್ತಿ ಇಪ್ಪತ್ತು ನಿಮಿಷ. ಆಮೇಲೆ ಅವನು ಕೂತ. ಹಿಂದಿನಿಂದ ಅಂಗೈ ತೂರಿಸಿದೆ. ಮೂಳೆಗೂ ಕುರ್ಚಿಗೂ ನಡುವೆ ಕೈ ಸಲೀಸಾಗಿ ಆಡಿತು. ಅದೇ ನಾನು ಅಲ್ಲಿ ಮಾಡಿದ ಕೊನೆಯ ಕುಶನ್.

ವಿಚಾರಣೆ ಆಯಿತು. ದುಭಾಷಿ ಬೇಕೇ ಎಂದು ಕೇಳಿದರು. ಬೇಡ ಎಂದೆ. ಬಂದಷ್ಟು ಇಂಗ್ಲಿಷಿನಲ್ಲಿ, ತಪ್ಪು ತಪ್ಪಾಗಿ, ಬೇಕೆಂದೇ ಮಾಡಿದೆ ಎಂದು ಹೇಳಿದೆ. ಐ ಆಮ್ ಸಾರಿ ಎಂದೂ ನಾನೇ ಹೇಳಿದೆ. ನಾಳೆಯಿಂದ ಬರುವುದು ಬೇಡ ಎಂದರು. ಸರಿಯಾದ ತೀರ್ಪೇ. ಮೇಡಂಗೂ ಒಂದು ಎಚ್ಚರಿಕೆಯ ಕಾಗದ ಹೋಯಿತು. ಅದನ್ನು ನೆನೆದರೆ ಈಗಲೂ ತಲೆ ತಗ್ಗುತ್ತದೆ. ಆಕೆ ಮಾಡಿದ ತಪ್ಪು ನನ್ನನ್ನು ನಂಬಿದ್ದು.

ಯುಗಾದಿಗೆ ನಮ್ಮ ಕನ್ನಡದವರು ಒಂದು ಶಾಲೆಯ ಹಾಲ್ ಹಿಡಿದು ಊಟ ಹಾಕುತ್ತಾರೆ. ಹೆಂಡತಿಯ ಬಲವಂತಕ್ಕೆ ಹೋದೆ, ಮೂಲೆಯಲ್ಲಿ ಕೂತೆ. ಅವನು ಕುಶನ್ ಕಂಕುಳಲ್ಲಿಟ್ಟುಕೊಂಡು ಬಂದ. ಹಾಲ್ ತುಂಬ ಕುರ್ಚಿ ಖಾಲಿ ಇದ್ದವು. ನನ್ನ ಪಕ್ಕದ ಕುರ್ಚಿಗೇ ಕುಶನ್ ಹಾಕಿದ, ತೆರವು ಹಿಂದಕ್ಕಿದೆಯೇ ಎಂದು ನೋಡಿ ಕೂತ. ಎಲೆಗೆ ಹೋಳಿಗೆ ಬಂತು. ಅರ್ಧ ಹೋಳಿಗೆ ತಿಂದು ಮುಗಿಸಿದ.

“ಸರ್ಜನ್ನು ಆಪರೇಷನ್ ಬೇಡ ಅಂದ್ರು,” ಎಂದ. “ಇನ್ನೂ ಸ್ವಲ್ಪ ಇದೆ. ದೂರ ಕಾರು ಓಡಿಸಿದ್ರೆ ಬರುತ್ತೆ.”

“ಇಪ್ಪತ್ತು ನಿಮಿಷಕ್ಕೆ ಏಳಬೇಕು.”

“ಗೊತ್ತು.” ತುಪ್ಪ ಹಾಕಿಸಿಕೊಂಡ. “ಮನೆಗೆ ಹೋಗಿ ತುಂಬ ಯೋಚ್ನೆ ಮಾಡಿದೆ. ಆ ಮೀಟಿಂಗು, ನೀವು, ದಾರ. ಇನ್ನೂ ನೆನಪಿಗೆ ಬಂದಿಲ್ಲ. ನೀವು ಹೇಳಿದ್ರಿ ಅಂದ್ಮೇಲೆ ಆಗಿರುತ್ತೆ. ಆಗ ನಾನೂ ಹೊಸಬ, ಭಯ, ಆ ದಾರಕ್ಕೆ ನಾನೇ ಸಹಿ ಹಾಕಿದ್ರೆ ಹಾಗೇ ಮಾಡಿರ್ತೀನಿ. ಆದ್ರೆ ನೆನಪಿಲ್ದೇ ಸಾರಿ ಅಂದ್ರೆ ಅದು ಮತ್ತೆ ಸುಳ್ಳು ಸಾರಿ ಆಗುತ್ತೆ. ಅದಕ್ಕೇ ಹೇಳ್ತಿಲ್ಲ.”

ನನ್ನ ಸಿಟ್ಟು ಇಳಿಯಿತು ಎಂದು ಬರೆದರೆ ಚೆನ್ನಾಗಿ ಕಾಣಿಸುತ್ತದೆ, ನಿಜವಲ್ಲ. ಅದು ಅಲ್ಲೇ ಇತ್ತು, ನನ್ನ ಎಲೆಯ ಪಕ್ಕದಲ್ಲೇ. ಆದರೂ ಅವನು ಆಡಿದ ಮಾತುಗಳಲ್ಲಿ ನಾನು ನಂಬಿದ್ದು, ಸುಳ್ಳು ಸಾರಿ ಹೇಳುವುದಿಲ್ಲ ಎಂದ ಅದೊಂದನ್ನೇ.

ಬಡಿಸುವವರು ಪಾಯಸವನ್ನು ಆ ಕಡೆಯ ಮೇಜಿನಲ್ಲಿಟ್ಟಿದ್ದರು. “ನಿಮ್ಗೂ ತರ್ಲಾ ಯಜಮಾನ್ರೇ?” ಎಂದು ಅವನು ಏಳಲು ಹೊರಟ. ನಾನು ಗಡಿಯಾರ ನೋಡಿದೆ. ಕೂತು ಇಪ್ಪತ್ತೈದು ನಿಮಿಷವಾಗಿತ್ತು. ಅವನ ಕೈಗಳನ್ನು ನೋಡಿದೆ. ಅವು ಕುರ್ಚಿಯ ತೋಳಿಗೆ ಹೋಗಲಿ ಎಂದು ನನ್ನೊಳಗೆ ಒಬ್ಬ ಇನ್ನೂ ಕಾಯುತ್ತಿದ್ದ.

ಅವನು ಸ್ವಲ್ಪ ಮುಂದಕ್ಕೆ ಬಾಗಿ, ಎರಡೂ ಕೈಯಲ್ಲಿ ನಮ್ಮಿಬ್ಬರ ಖಾಲಿ ಲೋಟ ಒಂದೊಂದು ಹಿಡಿದುಕೊಂಡೇ ಎದ್ದ.